ಹಾಸಿಗೆಗೊಂದು ಹೊಸ್ತಿಲು

ವೃದ್ಧರ ಜೊತೆ ಕೂತು ಉಣ್ಣುವುದು ಮನೆಯಲ್ಲಾದರೆ ಸೇವೆ, ಶುಶ್ರೂಷಾಲಯದಲ್ಲಾದರೆ ಕಳವು. ಅಲೆಕ್ಸಾಂಡ್ರಿಯದ ‘ನೆಮ್ಮದಿ’ ಶುಶ್ರೂಷಾಲಯದ ನಿಯಮಾವಳಿ ಇದನ್ನು ಸ್ಪಷ್ಟಪಡಿಸಿದೆ.

ಈ ಸ್ಪಷ್ಟತೆಯಿಂದ ತೊಂದರೆಯಾದದ್ದು ಶುಶ್ರೂಷಾ ಸಹಾಯಕಿ ವಿಜ್ದಾನ್‌ಗೆ. ಇನ್ಶಿರಾಹ್ ಅಜ್ಜಿಯನ್ನು ಅವಳು ಮೊದಲು ಅವರ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಕಡಲ ಉಪ್ಪುಗಾಳಿಗೆ ಆ ಮನೆಯಿದ್ದ ಕಟ್ಟಡ ವಾಲಿ, ಎಲ್ಲರನ್ನೂ ಖಾಲಿ ಮಾಡಿಸಿದ ಮೇಲೆ ಅಜ್ಜಿ ಇಲ್ಲಿಗೆ ಬಂದರು. ಅವರ ಹಿಂದೆಯೇ ವಿಜ್ದಾನ್ ಕೂಡ ಇಲ್ಲಿ ಕೆಲಸಕ್ಕೆ ಸೇರಿದಳು. ಅಜ್ಜಿಗೆ ಒಂದು ಹಟ. ಎದುರಿಗೆ ಕೂತು ಇನ್ನೊಬ್ಬರು ರೊಟ್ಟಿ ಮುರಿಯದಿದ್ದರೆ ಅವರು ತುತ್ತು ಬಾಯಿಗಿಡುವವರಲ್ಲ. ಇಲ್ಲಿ ವಿಜ್ದಾನ್ ತಟ್ಟೆ ಇಟ್ಟವಳೇ ಮುಂದಿನ ಹಾಸಿಗೆಗೆ ಓಡಬೇಕು. ಅಜ್ಜಿ ದಿನದಿನಕ್ಕೆ ಕಡ್ಡಿಯಾದರು.

ವಿಜ್ದಾನ್ ನಿರ್ದೇಶಕ ಡಾಕ್ಟರ್ ರುಶ್ದಿಯವರ ಎದುರು ನಿಂತಳು.

“ಡಾಕ್ಟ್ರೇ, ನಾನೂ ಜೊತೇಲಿ ಒಂದು ತುತ್ತು ರೊಟ್ಟಿ, ಫೂಲ್ ಕಾಳಿನ ಪಲ್ಯ ತಿಂದ್ರೆ ಅಜ್ಜಿ ಉಳ್ಕೋತಾರೆ.”

“ನೀನು ತಿಂದ್ರೆ ನಿನ್ನ ಕೆಲಸ ಉಳ್ಯಲ್ಲಮ್ಮ. ಜೊತೇಲಿ ಕೂತು ಉಣ್ಣೋದು ಮನೆ ಆರೈಕೆ. ಇದೇನು ಮನೇನಾ?”

“ಮನೆ ಅಂತ ಮಾಡ್ಬಿಡಿ, ಆಯ್ತಲ್ಲ.”

ಮನೆ ಆರೈಕೆಗೆ ದುಪ್ಪಟ್ಟು ಶುಲ್ಕ ಹಾಕಬಹುದೆಂಬುದು ನಿರ್ದೇಶಕರಿಗೆ ಹೊಳೆಯಿತು. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: “ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಕಿಟಕಿ ಪಕ್ಕದ, ಶ್ರೀಮತಿ ಇನ್ಶಿರಾಹ್ ಅವರ ಹಾಸಿಗೆಯನ್ನು ಸ್ವತಂತ್ರ ನಿವಾಸವೆಂದು ಘೋಷಿಸಲಾಗಿದೆ. ಮಂಚದ ಕಾಲ್ದೆಸೆಯನ್ನು ಹೊಸ್ತಿಲೆಂದು ಪರಿಗಣಿಸತಕ್ಕದ್ದು. ಕರೆಗಂಟೆ ಒತ್ತದೆ ಯಾರೂ ಒಳಬರತಕ್ಕದ್ದಲ್ಲ.”

ಮಂಚಕ್ಕೆ ಗಂಟೆ ಕೂಡಿಸಿದರು. ವಿಜ್ದಾನ್ ಗಂಟೆ ಒತ್ತಿ, ಒಳಹೋಗಿ, ರೊಟ್ಟಿ ಮುರಿದಳು. ಅಜ್ಜಿ ತಟ್ಟೆ ಬಳಿದು ಉಂಡರು.

ಅದನ್ನು ಕಂಡು ಉಳಿದ ಮುದುಕ ಮುದುಕಿಯರೂ ತಮ್ಮ ಹಾಸಿಗೆ ಮನೆಯಾಗಲೇಬೇಕೆಂದು ಪಟ್ಟು ಹಿಡಿದರು. ನಿರ್ದೇಶಕರು ಸಂತೋಷವಾಗಿ ಒಪ್ಪಿದರು. ಸಹಾಯಕಿಯರು ಸಾಲದಾದಾಗ, ನೆರೆಮನೆಯವರೇ ಪರಸ್ಪರ ಊಟಕ್ಕೆ ಹೋಗತಕ್ಕದ್ದೆಂದು ತಿದ್ದುಪಡಿ ಬಂತು. ತನಿಖಾಧಿಕಾರಿ ಬಂದಾಗ, “ಶುಶ್ರೂಷಾಲಯದಲ್ಲಿ ಯಾರೂ ಇಲ್ಲ ಸ್ವಾಮಿ, ಎಲ್ರೂ ಅವರವರ ಮನೇಲಿದಾರೆ” ಎಂದರು ನಿರ್ದೇಶಕರು. ನಿವಾಸಿಗಳಿಲ್ಲದ ಕಾರಣ ದೂರುಗಳೂ ಇಲ್ಲವೆಂದು ಆತ ಪ್ರಶಂಸಾಪತ್ರ ಕೊಟ್ಟು ಹೋದ.

ಮರುದಿನ ನಿರ್ದೇಶಕರು ಎಂದಿನಂತೆ ಸುತ್ತು ಹೊರಟು, ಕಿಟಕಿ ಪಕ್ಕದ ಗಂಟೆ ಒತ್ತಿದರು.

“ಯಾರದು?” ಎಂದರು ಅಜ್ಜಿ, ಅವರ ಮುಖವನ್ನೇ ನೋಡುತ್ತ.

“ನಾನಮ್ಮ, ರುಶ್ದಿ.”

“ಮೊದಲ ಸಲ ಮನೆಗೆ ಬರ್ತಿದೀರಿ, ಬರಿಗೈಲಾ? ನಿಮ್ಮಮ್ಮ ಇಷ್ಟೂ ಹೇಳ್ಕೊಡ್ಲಿಲ್ವಾ?”

ಅಮ್ಮ ಹೇಳಿಕೊಟ್ಟಿದ್ದರು. ನಿರ್ದೇಶಕರು ನಾಚಿ, ಬೀದಿ ಮೂಲೆಯ ಅಂಗಡಿಗೆ ಹೋಗಿ ಮನೆಗೊಂದರಂತೆ ಬಸ್ಬೂಸಾ ಸಿಹಿಯ ಡಬ್ಬಿ ಕಟ್ಟಿಸಿಕೊಂಡರು. ದುಪ್ಪಟ್ಟು ಶುಲ್ಕ ಹೀಗೆ ಸದ್ವಿನಿಯೋಗವಾಯಿತು.

ಮತ್ತೆ ಗಂಟೆಯ ಸದ್ದಾಯಿತು.

“ಬಾಗಿಲು ತೆಗಿ ಮಗಳೇ,” ಎಂದರು ಅಜ್ಜಿ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು.

ವಿಜ್ದಾನ್ ಕೈ ಒರೆಸಿಕೊಂಡು ಎದ್ದು, ಇಲ್ಲದ ಬಾಗಿಲನ್ನು ತೆರೆದಳು. ನಿರ್ದೇಶಕರು ಎತ್ತರದ ಆಳು. ತಲೆಗೆ ತಗಲದಂತೆ ಬಗ್ಗಿ ಒಳಗೆ ಬಂದರು.