ಎರಡು ಸಲ ಬಂದ ಎಂಟನೇ ತಿಂಗಳು

ಗಣಿತದ ಮಾಸ್ತರನ ಮನೆಯಲ್ಲಿ ಲೆಕ್ಕ ತಪ್ಪುವುದಿಲ್ಲ ಎಂದು ಜನ ನಂಬಿರುತ್ತಾರೆ. ಮದುವೆಯಾಗುವವರೆಗೆ ನಾನೂ ನಂಬಿದ್ದೆ. ಬಳ್ಳಾರಿಯ ಹೈಸ್ಕೂಲಿನಲ್ಲಿ ತೊಟ್ಟಿ ತುಂಬಿಸುವ ನಳಗಳ ಲೆಕ್ಕವನ್ನೂ ಎದುರುಬದುರು ಓಡುವ ರೈಲುಗಳ ಲೆಕ್ಕವನ್ನೂ ನಿದ್ದೆಗಣ್ಣಿನಲ್ಲಿ ಬಿಡಿಸಬಲ್ಲವನು ನಾನು. ಆದರೆ ಹೆಂಡತಿ ಬಸುರಿಯಾದಾಗ ಅವಳಿಗೆ ಎಷ್ಟು ತಿಂಗಳು ಎಂಬ ಲೆಕ್ಕ ಮನೆಗೆ ಬಂತು ನೋಡಿ, ಅಲ್ಲಿ ನಾನು ನಪಾಸಾದೆ. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇದನ್ನು ಇದುವರೆಗೆ ಮನೆಯಾಚೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಅದು ಸ್ವಾತಂತ್ರ್ಯ ಬಂದ ವರ್ಷ. ಮುಂಗಾರಿನ ಹೊತ್ತಿಗೆ ಪಾರ್ವತಿಯನ್ನು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಮದರಾಸಿನ ಕಡೆಯಿಂದ ಬಂದವರು, ಕನ್ನಡ ಅಷ್ಟಕ್ಕಷ್ಟೇ, ತೆಲುಗು ಬೆರೆಸಿ ಮಾತು. ಕೊನೆಯ ಸಲ ಹೊರಗಾದದ್ದು ಯಾವಾಗ ಎಂದು ಕೇಳಿದರು. ಪಾರ್ವತಿ ನೆಲ ನೋಡುತ್ತ, "ದವನದ ಹುಣ್ಣಿಮಿ ದಿನಾರಿ" ಅಂದಳು. ಡಾಕ್ಟರು ಗೋಡೆಯ ಕ್ಯಾಲೆಂಡರು ನೋಡಿ ಬೆರಳು ಮಡಿಸಿ, ಹದಿನಾಲ್ಕು ವಾರ ಎಂದು ಚೀಟಿಯಲ್ಲಿ ಬರೆದರು. ಲೆಕ್ಕದಲ್ಲಿ ತಪ್ಪು ಕಂಡರೆ ನನಗೆ ತಡೆಯಲಾಗುವುದಿಲ್ಲ. "ಹುಣ್ಣಿಮೆಯಿಂದ ಎರಡು ವಾರ ಇವಳು ಸಿರುಗುಪ್ಪದ ತವರಿನಲ್ಲಿದ್ದಳು, ನಾನು ಇಲ್ಲಿದ್ದೆ" ಎಂದುಬಿಟ್ಟೆ. ಪಾರ್ವತಿಯ ಕಿವಿಗಳು ಕೆಂಪಾದವು. ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಬಸಿರು ನಿಲ್ಲುವ ಮುಂಚಿನ ಆ ಎರಡು ವಾರವನ್ನೂ ಸೇರಿಸಿಯೇ ಎಣಿಸುವುದು ವೈದ್ಯರ ಪದ್ಧತಿ ಎಂದರು. ಮೊದಲ ಮೂರು ತಿಂಗಳು ವಾಂತಿ, ನಡುವಿನ ಮೂರು ತುಸು ಆರಾಮು, ಕೊನೆಯ ಮೂರರಲ್ಲಿ ಹೆಚ್ಚು ಜೋಪಾನ ಎಂದು ಒಟ್ಟನ್ನು ಮೂರು ಪಾಲು ಮಾಡಿ ಹೇಳಿದರು. "ಮೊತ್ತಂ ನಲಭೈ ವಾರಾಲು" ಎಂದು ನಲವತ್ತು ವಾರಕ್ಕೆ ಗೆರೆ ಎಳೆದರು.

ಮನೆಗೆ ಬರುವ ದಾರಿಯಲ್ಲಿ ನಲವತ್ತನ್ನು ನಾಲ್ಕರಿಂದ ಭಾಗಿಸಿ, ಹತ್ತು ತಿಂಗಳು ಹಿಡಿಯುತ್ತದಂತೆ ಎಂದೆ. "ಹತ್ತು ತಿಂಗಳು ಎಮ್ಮಿಗಿರಿ, ನನಗಲ್ಲ" ಅಂದಳು ಪಾರ್ವತಿ. ಆಮೇಲೆ ಕೂತು ನೋಡಿದೆ. ತಿಂಗಳೆಂದರೆ ನಾಲ್ಕು ವಾರದ ಮೇಲೆ ಎರಡು ಮೂರು ದಿನ ಉಳಿಯುತ್ತದೆ. ಆ ಉಳಿಕೆಗಳನ್ನು ಕೂಡಿಸಿದರೆ ನಲವತ್ತು ವಾರವೂ ಅಜ್ಜಿಯರ ಒಂಬತ್ತು ತಿಂಗಳು ಒಂಬತ್ತು ದಿನವೂ ಹತ್ತಿರ ಹತ್ತಿರ ಒಂದೇ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೆರಿಗೆ ಎಂದು ಚೀಟಿಯ ಹಿಂಬದಿಗೆ ಬರೆದು ಜೇಬಿನಲ್ಲಿಟ್ಟುಕೊಂಡು ಬಹಳ ಬೀಗಿದೆ.

ಆ ವರ್ಷ ಶ್ರಾವಣ ಎರಡು ಬಂತು. ಮೊದಲನೆಯದು ಅಧಿಕ, ಎರಡನೆಯದು ನಿಜ. ಸೊಸೆಯ ಆರೈಕೆಗೆಂದು ಕುರುಗೋಡಿನಿಂದ ಬಂದಿದ್ದ ನನ್ನ ಅವ್ವ ಆ ಅಧಿಕ ಶ್ರಾವಣವನ್ನು ಲೆಕ್ಕದಿಂದ ತೆಗೆದುಹಾಕಿದಳು. "ಅಧಿಕದಾಗ ಮದುವಿ ಮಾಡತೀವೇನು? ಮನಿ ಕಟ್ಟತೀವೇನು? ಅದು ದೇವರ ತಿಂಗಳು, ಬಸರಿಗೆ ಹಿಡ್ಯಂಗಿಲ್ಲ" ಅಂದಳು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದೂ ಅದೇ ಅಧಿಕ ಶ್ರಾವಣದಲ್ಲಿ, ಅದನ್ನೂ ಹಿಡಿಯಬಾರದೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕ್ಲಾಸಿನಲ್ಲಿ ನಲವತ್ತು ಹುಡುಗರನ್ನು ಗದರಿಸುವ ನಾನು ಅವ್ವನ ಎದುರಿಗೆ ಕೊನೆಯ ಬೆಂಚಿನ ಹುಡುಗನಾಗುತ್ತೇನೆ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಏಳರಲ್ಲಿ ಅಥವಾ ಒಂಬತ್ತರಲ್ಲಿ ಕಳಿಸಬೇಕು, ಎಂಟರಲ್ಲಿ ಮಾತ್ರ ದಾರಿ ತುಳಿಯಬಾರದು. ಕಾರ್ತಿಕದಲ್ಲಿ ಅವ್ವ ಏಳು ತುಂಬುತ್ತದೆಂದು ಸಿರುಗುಪ್ಪಕ್ಕೆ ಕಾಗದ ಬರೆಸಿದಳು. ಪಾರ್ವತಿ ಸೀರೆಗಳನ್ನು ಟ್ರಂಕಿಗೆ ತುಂಬಿದಳು. ಅವಳ ಅಣ್ಣ ಬಸವರಾಜ ಬರಿಗೈಯಲ್ಲಿ ಬಂದು, "ನಮ್ಮವ್ವ ಅಧಿಕಾನೂ ಹಿಡದಾಳ್ರಿ. ಈಗ ಎಂಟು ನಡದೈತಂತ. ಮುಂದಿನ ತಿಂಗಳು ಬಂದು ಕರಕೊಂಡು ಹೋಗತೀನಿ" ಎಂದು ಚಹಾ ಕುಡಿದು ಹೋದ. ಮಾರ್ಗಶಿರದಲ್ಲಿ ಅವನು ಮತ್ತೆ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಈಗ ಎಂಟು. ಹೊಸ್ತಿಲ ದಾಟಸಂಗಿಲ್ಲ."

"ಹೊಟ್ಯಾಗಿನ ಕೂಸಿಗೆ ಪಂಚಾಂಗ ಓದಾಕ ಬರತೈತೇನ್ರಿ ಅತ್ತಿ?" ಎಂದ ಬಸವರಾಜ.

ಅವ್ವ ನನ್ನ ಕಡೆ ತಿರುಗಿದಳು. "ನೀನ ಲೆಕ್ಕದ ಮಾಸ್ತರ ಅದಿ. ಹೇಳಲೇ, ಎಷ್ಟು?"

ಪಾರ್ವತಿ ಟ್ರಂಕಿನ ಪಕ್ಕ ನಿಂತಿದ್ದಳು. ಎರಡು ತಿಂಗಳಿಂದ ತಾಯಿಯ ಮುಖ ನೋಡಬೇಕೆಂದು ಹಂಬಲಿಸುತ್ತಿದ್ದವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಚೀಟಿ ಜೇಬಿನಲ್ಲೇ ಇತ್ತು. ನಾನು ಕೆಮ್ಮಿ, "ಇಬ್ಬರ ಲೆಕ್ಕಾನೂ ಒಂದ ರೀತಿ ಸರಿ ಐತಿ" ಎಂದೆ. ಬಸವರಾಜ ಚಪ್ಪಲಿ ಮೆಟ್ಟಿದ. ಪಾರ್ವತಿ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಅಡುಗೆಮನೆಯ ಹೊಗೆಗೆ ಅವಳ ಕಣ್ಣಲ್ಲಿ ನೀರು ಬಂದಿದೆ ಎಂದುಕೊಂಡೆ. ಒಲೆ ಇನ್ನೂ ಹಚ್ಚಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಮುನ್ನಾ ದಿನ ಬೆಳಿಗ್ಗೆ ಅವ್ವ ಸಜ್ಜೆ ಕಡುಬಿಗೆ ಹಿಟ್ಟು ಕಲಸುತ್ತಿದ್ದಾಗ ಪಾರ್ವತಿಗೆ ನೋವು ಶುರುವಾಯಿತು. ಅವ್ವನ ಮುಖ ಬಿಳಿಚಿಕೊಂಡಿತು. ಏಳರ ಕೂಸು ಉಳಿಯುತ್ತದೆ, ಎಂಟರ ಕೂಸು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಆಸ್ಪತ್ರೆಗೆ ಹೋಗೋಣವೆಂದರೆ ಅವ್ವ ಎಂಟರಲ್ಲಿ ಹೊಸ್ತಿಲು ದಾಟಿಸಲು ಬಿಡಲಿಲ್ಲ. ಕೌಲ್ ಬಜಾರಿನ ನಮ್ಮ ಓಣಿಯಲ್ಲೇ ಇದ್ದ ಸೂಲಗಿತ್ತಿ ಹುಸೇನಬೀಯನ್ನು ನಾನೇ ಓಡಿಹೋಗಿ ಕರೆತಂದೆ. ಬಾಗಿಲಾಚೆ ಅವ್ವ, "ಎಂಟರಾಗ ಬಂತಲ್ಲೋ ಶಿವನ, ಹ್ಯಾಂಗ ಉಳದೀತು" ಎಂದು ಅಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ನನಗೆ ಕೇಳಿದ್ದು ನೋವು ತಿನ್ನುತ್ತಿದ್ದ ಪಾರ್ವತಿಗೆ ಕೇಳದೆ ಇರುತ್ತದೆಯೇ?

ಕೂಸು ಅತ್ತಿತು. ಹೆಣ್ಣು. ಹುಸೇನಬೀ ತಾಯಿಗೆ ತೋರಿಸಲು ಹೋದರೆ ಪಾರ್ವತಿ ಗೋಡೆಯ ಕಡೆ ಮುಖ ತಿರುಗಿಸಿದಳಂತೆ. "ಬ್ಯಾಡವ್ವ. ನೋಡಿದ್ರ ಮಾಯಾ ಹತ್ತತೈತಿ. ಹೋಗೋ ಕೂಸು."

"ಯಾರಂದ್ರು ಹೋಗತೈತಂತ?" ಹುಸೇನಬೀಯ ದನಿ ಓಣಿಗೆಲ್ಲ ಕೇಳುವಂತಿತ್ತು. "ಉಗುರು ನೋಡ್ರಿ, ಬೆರಳ ತುದಿ ದಾಟ್ಯಾವು. ತುಂಬಿದ ಕೂಸು ಇದು. ಎಂಟಂತ ಯಾರ ಹೇಳಿದ್ರು ನಿಮಗ?"

ಆಗ ನನಗೆ ಧೈರ್ಯ ಬಂತು. ಬಾಗಿಲ ಸಂದಿಗೆ ಬಾಯಿಟ್ಟು, "ನಲವತ್ತು ವಾರ ಆಗ್ಯಾವವ್ವ, ಡಾಕ್ಟರ ಚೀಟಿ ಐತಿ ನನ್ನ ಹತ್ರ" ಎಂದೆ. ಒಳಗಿನಿಂದ ಪಾರ್ವತಿಯ ಬಳಲಿದ ದನಿ ಬಂತು.

"ಯಾವಾಗಿಂದ ಗೊತ್ತಿತ್ರಿ ನಿಮಗ?"

"ಮೊದಲಿಂದ" ಎಂದೆ. ಅವಳು ಹುಸೇನಬೀಗೆ, "ಕೂಸು ಕೊಡವ್ವ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಮತ್ತೆಂದೂ ಆಗಿಲ್ಲ.

ಮಗಳು ಗಟ್ಟಿಮುಟ್ಟಾಗಿ ಬೆಳೆದಳು. ಅವಳಿಗೆ ಮೂರು ತುಂಬುವ ಮೊದಲೇ ಪಾರ್ವತಿ ಮತ್ತೆ ಬಸುರಿಯಾದಳು. ಆ ವರ್ಷವೂ ಅಧಿಕಮಾಸ ಬಂದಿತ್ತು, ಈ ಸಲ ಆಷಾಢ. ಅವಳು ನನಗೆ ಏನೂ ಹೇಳಲಿಲ್ಲ. ಕಣ್ಣಿಗೆ ಕಾಣುತ್ತಿದ್ದುದನ್ನು ಕೇಳುವ ಮುಖ ನನಗಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಟ್ರಂಕು ಹೊಸ್ತಿಲಾಚೆ ಇತ್ತು, ಅದರ ಪಕ್ಕ ಬಸವರಾಜ ನಿಂತಿದ್ದ. "ಏಳು ನಡದೈತಿ, ಸಿರುಗುಪ್ಪಕ್ಕ ಹೊಂಟೀನಿ" ಎಂದಳು ಪಾರ್ವತಿ. ಒಳಗೆ ಅವ್ವ ಬೆರಳು ಮಡಿಸತೊಡಗಿದಳು. ಯಾರ ಲೆಕ್ಕದ ಏಳು ಎಂದು ನಾನು ಕೇಳಲಿಲ್ಲ. ಟ್ರಂಕು ಹೊತ್ತುಕೊಂಡು ಬಸ್ಸಿನವರೆಗೆ ಹೋದೆ.