ಹಾಡಹಗಲಲ್ಲಿ ಫ್ಲ್ಯಾಶ್

ನನ್ನ ತಪ್ಪನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರ ತಪ್ಪು ಹುಡುಕುವುದು ನನ್ನ ಕೆಲಸ. ಸ್ವಂತದ್ದನ್ನು ಹುಡುಕಲು ಯಾರೂ ನನ್ನನ್ನು ನೇಮಿಸಿಲ್ಲ. ಆ ದಿನಗಳಲ್ಲಿ ನಮ್ಮ ಆಫೀಸಿನ ಪ್ರತಿಯೊಬ್ಬನ ಕೈಗೂ ಡಿಜಿಟಲ್ ಕ್ಯಾಮೆರಾ ಬಂದಿತ್ತು. ನಾನೂ ಒಂದು ಕೊಂಡೆ. ಜೊತೆಗೆ ಬಂದ ಪುಸ್ತಕದ ನಾಲ್ಕು ಪುಟ ಓದಿ, ಕತ್ತಲಾದರೆ ಫ್ಲ್ಯಾಶ್ ಹಾಕಬೇಕು ಎಂದು ತಿಳಿದುಕೊಂಡೆ. ಐದನೆಯ ಪುಟದ ಅಗತ್ಯ ಕಾಣಲಿಲ್ಲ.

ಅಷ್ಟರಲ್ಲಿ ತಂಗಿಯ ಕುಬಸ ಬಂತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಹೈದರಾಬಾದಿನಲ್ಲೇ, ಮಿಯಾಪುರದ ಅವಳ ಫ್ಲ್ಯಾಟಿನಲ್ಲಿ ಏರ್ಪಾಡು. ಅವ್ವ ಊರಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು. "ನಾ ಅಂತೂ ಬರೂದಾಗಂಗಿಲ್ಲ. ಫೋಟೊದಾಗ ಆಕಿ ಮಾರಿ ಚಂದಂಗ ತಗೀಪಾ," ಎಂದು ಫೋನಿನಲ್ಲಿ ಮೂರು ಸಲ ಹೇಳಿದ್ದಳು.

ಸಂಜೆ ನಾಲ್ಕರ ಹೊತ್ತು. ಉಡಿ ತುಂಬುವಾಗ ಮುಖ ಪೂರ್ವಕ್ಕೇ ಇರಬೇಕೆಂದು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ತಂಗಿಯನ್ನು ಕೂರಿಸಿದರು. ಅವಳ ಬೆನ್ನ ಹಿಂದೆ ಬಾಲ್ಕನಿ, ಅದರ ತುಂಬ ಬಿಸಿಲು. ಕುರ್ಚಿ ತಿರುಗಿಸಿ ಎಂದೆ. ಹೆಂಗಸರೆಲ್ಲ ನನ್ನನ್ನು ಧರ್ಮಭ್ರಷ್ಟನಂತೆ ನೋಡಿದರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇಣುಕಿದ ಕಾಕು, "ಏ ತಮ್ಮಾ, ಮಾರಿ ಕರ್ರಗ ಕಾಣಾಕತ್ತೈತಿ. ಆ ಲೈಟ್ ಹಾಕು," ಎಂದರು.

"ಹಾಡಹಗಲ ಯಾರು ಫ್ಲ್ಯಾಶ್ ಹಾಕ್ತಾರ್ರಿ ಕಾಕು? ಸೂರ್ಯ ಅದಾನಲ್ರಿ!"

"ಸೂರ್ಯ ಆಕಿ ಬೆನ್ನು ಬೆಳಗಾಕತ್ತಾನ. ಮಾರಿಗೆ ಯಾರದಾರ?"

ಕಾಕು ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದವರಲ್ಲ; ನಾನು ನಾಲ್ಕು ಪುಟ ಓದಿದವನು. ಹಾಕಲಿಲ್ಲ. ಕಂಪ್ಯೂಟರಿನಲ್ಲಿ ಸರಿಮಾಡಿದರಾಯಿತು ಎಂದೆ. ಮಾಡಿದೆ ಕೂಡ, ಕಪ್ಪಗಿದ್ದ ಮುಖ ಬೂದಿ ಬಣ್ಣಕ್ಕೆ ಬಂತು. ಕಾಚಿಗೂಡ ಸ್ಟೇಷನ್ನಿನಿಂದ ಊರಿಗೆ ರೈಲು ಹತ್ತುತ್ತಿದ್ದ ನೆಂಟರೊಬ್ಬರ ಕೈಯಲ್ಲಿ ಪ್ರಿಂಟುಗಳನ್ನು ಕಳಿಸಿದೆ.

ಮರುದಿನ ಅವ್ವನ ಫೋನು ಬಂತು. ಬೈದರೆ ಹೇಳಲು ನನ್ನ ಬಳಿ ಉತ್ತರ ಸಿದ್ಧವಿತ್ತು. ಅವಳು ಬೈಯಲೇ ಇಲ್ಲ. "ಸೆರಗಿನ ಅಂಚು ಚಲೋ ಬಂದೈತಿ. ಬಾಲ್ಕನಿನೂ ಭಾಳ ಚಂದ ಐತಿ. ಮಾರಿ ನಾ ನೆನಪ ಮಾಡ್ಕೋತೀನಿ ಬಿಡಪಾ," ಎಂದಳು. ಸಿದ್ಧವಿದ್ದ ಉತ್ತರ ಯಾವ ಕೆಲಸಕ್ಕೂ ಬರಲಿಲ್ಲ.

ಆ ಭಾನುವಾರ ತಂಗಿಗೆ ಮತ್ತೆ ಹಸಿರು ಸೀರೆ ಉಡಿಸಿ, ಪೂರ್ವಕ್ಕೇ ಕೂರಿಸಿ, ಕಣ್ಣು ಕುಕ್ಕುವ ಬಿಸಿಲಿನಲ್ಲಿ ಫ್ಲ್ಯಾಶ್ ಹಾಕಿ ಹನ್ನೆರಡು ಫೋಟೊ ತೆಗೆದೆ. ಕಣ್ಣು, ಮೂಗುತಿ, ನಗು, ಎಲ್ಲವೂ ಬಂದವು. ಪಕ್ಕದಲ್ಲಿ ನಿಂತಿದ್ದ ಕಾಕು ನಗುತ್ತಿದ್ದರು. ನಾನು ಸೋತೆನೆಂದು ಅವರು ತಿಳಿದುಕೊಂಡರೆ ಅದು ಅವರ ಭ್ರಮೆ. ಫ್ಲ್ಯಾಶ್ ಹಾಕಿ ಬ್ಯಾಟರಿ ಎಷ್ಟು ಉಳದೈತಿ ಅಂತ ನೋಡಾಕತ್ತೀನಿ ಎಂದು ಅವರಿಗೆ ಆಗಲೇ ಸ್ಪಷ್ಟವಾಗಿ ಹೇಳಿದ್ದೇನೆ, ಹನ್ನೆರಡು ಸಲ.