ನೆಬ್ರಾಸ್ಕಾಗೆ ಹೊರಟ ಬೆಕ್ಕು

ಎದೆ ಝಲ್ಲೆನ್ನುವಂಥದ್ದು ಏನಾದರೂ ನಡೆಯುವುದಿದ್ದರೆ ಅದು ನಮ್ಮ ವಿಳಾಸ ಹುಡುಕಿಕೊಂಡೇ ಬರುತ್ತದೆ. ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ ವರ್ಷಗಟ್ಟಲೆ ಇಂಜಿನಿಯರಿಂಗ್ ಪಾಠ ಹೇಳಿ ರಿಟೈರ್ ಆದವನು ನಾನು. ದೆವ್ವಗಿವ್ವ ನನ್ನ ಸಿಲಬಸ್‌ನಲ್ಲಿರಲಿಲ್ಲ.

ಕಳೆದ ವರ್ಷ ಮೊಮ್ಮಗಳು ಓದಲು ನೆಬ್ರಾಸ್ಕಾಗೆ ಹೋದಳು. ಕಾರ್ಲ್ಸ್‌ಬಾಡ್‌ನ ಮನೆಯಲ್ಲಿ ಉಳಿದ ಅವಳ ಮುದಿ ಬೆಕ್ಕು ಊಟ ಬಿಟ್ಟಿತು. ವಿಮಾನ ಹತ್ತಿಸಿದರೆ ಅದರ ಹೃದಯ ತಡೆಯದು ಎಂದರು ಡಾಕ್ಟರು. ಸರಿ, ಅಡುಗೆಮನೆ, ಹಾಸಿಗೆ ಎಲ್ಲಾ ಇರುವ ಆರ್‌ವಿ ಗಾಡಿಯೊಂದನ್ನು ಬಾಡಿಗೆಗೆ ಹಿಡಿದು ನಾನೂ ನನ್ನಾಕೆಯೂ ಬೆಕ್ಕಿನ ಸಮೇತ ಹೊರಟೆವು. "ಪ್ಲೀಸ್, ಡೋಂಟ್ ಲೂಸ್ ಹರ್, ನಾನಾ" ಎಂದು ಮೊಮ್ಮಗಳು ಫೋನಿನಲ್ಲಿ ಅತ್ತಳು.

೧. ಕಪಾಟಿನೊಳಗಿನ ದನಿ

ವಯೋಮಿಂಗ್‌ನ ಬಯಲು. ಹುಲ್ಲು, ಗಾಳಿ, ಮತ್ತೆ ಹುಲ್ಲು. ಗಾಡಿ ನಿಲ್ಲಿಸಿ ಕೂತಿದ್ದಾಗ ಬೆಕ್ಕು ಮುಚ್ಚಿದ ಕಪಾಟನ್ನೇ ದಿಟ್ಟಿಸುತ್ತ ಬೆನ್ನಿನ ಕೂದಲು ನಿಮಿರಿಸಿತು. ಒಳಗಿನಿಂದ, ಮಣ್ಣಿನಡಿಯಿಂದ ಬಂದಂತೆ, ಯಾರೋ ಆಜಾನ್ ಕೂಗುತ್ತಿದ್ದರು! ನಾನು ಕೂತಲ್ಲೇ ಕಾಲು ಮೇಲೆತ್ತಿಕೊಂಡೆ.

ನನ್ನಾಕೆ ಕಪಾಟು ತೆಗೆದು ಅಕ್ಕಿ ಡಬ್ಬಕ್ಕೆ ಕೈಹಾಕಿದಳು. ನೀರಿಗೆ ಬಿದ್ದ ಫೋನನ್ನು ಒಣಗಲೆಂದು ಅವಳೇ ಅದರಲ್ಲಿ ಹುಗಿದಿಟ್ಟಿದ್ದಳಂತೆ. ಸ್ಕ್ರೀನ್ ಸತ್ತಿತ್ತು, ನಮಾಜಿನ ಆ್ಯಪ್ ಬದುಕಿತ್ತು.

"ನೋಡ್ರೀ, ಅಕ್ಕಿಗೂ ಟೈಮ್ ಗೊತ್ತಾಯ್ತು, ನೀವಿನ್ನೂ ಕೂತೇ ಇದೀರಿ" ಎಂದಳು.

೨. ಮೂರನೆಯವರು

ಮಾರನೇ ದಿನ ಒಂದು ಒಂಟಿ ಪೆಟ್ರೋಲ್ ಬಂಕ್. ಕೌಂಟರಿನ ಹೆಂಗಸು "ಮೂರೂ ಜನ ಎಲ್ಲಿಗೆ?" ಎಂದಳು. ಇಬ್ಬರೇ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿ, "ಹಿಂದಿನ ಕಿಟಕಿಯಲ್ಲಿ ಬಿಳಿ ಬಟ್ಟೆ ಹೊದ್ದ ಅಜ್ಜಿ ಇದ್ದಾರಲ್ಲ?" ಎಂದು ಕೇಳಿದಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊನೆಗೂ ನೋಡಿದರೆ, ಒಣಹಾಕಿದ್ದ ನನ್ನಾಕೆಯ ಬಿಳಿ ದುಪಟ್ಟಾದೊಳಗೆ ಬೆಕ್ಕು ಮುಖವಷ್ಟೇ ಹೊರಗಿಟ್ಟು ಕೂತಿತ್ತು.

ಅಜ್ಜಿಗೆಂದು ಆ ಹೆಂಗಸು ಎರಡು ಬಿಸ್ಕೆಟ್ ಕೊಟ್ಟಳು. ಅಜ್ಜಿ ಮೂಸಿಯೂ ನೋಡಲಿಲ್ಲ, ನಾನೇ ತಿಂದೆ.

೩. ಸಲಾಂ

ನೆಬ್ರಾಸ್ಕಾದಲ್ಲಿ ಮೊಮ್ಮಗಳ ಊರು ಇನ್ನು ಎರಡೇ ಗಂಟೆಯ ದಾರಿ. ಆರ್‌ವಿಗಳು ತಂಗುವ ಜಾಗದಲ್ಲಿ ನಿಂತಿದ್ದೆವು. ನಡುಮಧ್ಯಾಹ್ನವೇ ಬಿರುಮಳೆಯ ಮೋಡ ಕವಿದು ಆಕಾಶ ಪಾಚಿ ಬಣ್ಣಕ್ಕೆ ತಿರುಗಿ ಕತ್ತಲಾಯಿತು. ಗಾಳಿ ಸತ್ತುಹೋಯಿತು. ಒಂದು ಹಕ್ಕಿಯ ಸದ್ದೂ ಇಲ್ಲ. ನೋಡಿದರೆ ನಮ್ಮ ಬಾಗಿಲು ಅರೆತೆರೆದಿತ್ತು, ಬೆಕ್ಕು ಇರಲಿಲ್ಲ.

ಗಾಡಿಗಳ ಸಂದಿಗಳಲ್ಲೆಲ್ಲ ಕೂಗಿ ಹುಡುಕಿದೆವು. "ಮಗುಗೆ ಏನಂತ ಹೇಳೋದ್ರೀ?" ಎಂದು ನನ್ನಾಕೆ ಅಳಲು ಶುರುಮಾಡಿದಳು. ಬೆಕ್ಕು ತಾನಾಗಿ ವಾಪಸ್ ಬಂದಿರಬಹುದೆಂದು ಇಬ್ಬರೂ ಗಾಡಿಗೆ ಓಡಿದೆವು. ಮನೆ ಖಾಲಿಯಿದ್ದರೂ ಒಳಹೋಗುವಾಗ ಸಲಾಂ ಹೇಳುವುದು ನಮ್ಮಲ್ಲಿ ರೂಢಿ. ಅಂಥ ಗಾಬರಿಯಲ್ಲೂ ಅವಳು ಬಿಡಲಿಲ್ಲ. ಕತ್ತಲೊಳಗೆ ಕಾಲಿಟ್ಟು "ಅಸ್ಸಲಾಮು ಅಲೈಕುಂ" ಎಂದಳು.

ಹಿಂದಿನ ಹಾಸಿಗೆಯಿಂದ ಗೊಗ್ಗರು ದನಿಯೊಂದು ನಿಧಾನವಾಗಿ, "ವ ಅಲೈಕುಮುಸ್ಸಲಾಂ" ಎಂದಿತು.

ಅವಳು ಚೀರಿ ಹೊರಗೆ ಹಾರಿದಳು. ನಾನು ಫೋನಿನ ಟಾರ್ಚ್ ಹಾಕಿದೆ. ಬಿಳಿ ಗಡ್ಡದ ಮುದುಕರೊಬ್ಬರು ಅಂಗಾತ ಮಲಗಿದ್ದರು. ಅವರ ಎದೆಯ ಮೇಲೆ ನಮ್ಮ ಬೆಕ್ಕು! ಗಾಡಿ ನಮ್ಮದಲ್ಲ, ನಮ್ಮದರಂತೆಯೇ ಇದ್ದ ಪಕ್ಕದ್ದು. ಹೈದರಾಬಾದಿನ ಅವರು ಮಗನ ಜೊತೆ ಪ್ರವಾಸ ಹೊರಟವರಂತೆ. ನಾನು ಬೆಕ್ಕನ್ನು ಬಾಚಿ ಅಪ್ಪಿಕೊಂಡು ಕ್ಷಮೆ ಕೇಳಿದೆ.

ಮುದುಕರು ಎದ್ದು ಕೂತು, ಬೆವರು ಒರೆಸಿಕೊಂಡು, ಬಾಗಿಲಲ್ಲಿ ಇಣುಕಿದ ನನ್ನಾಕೆಗೆ ಉರ್ದುವಿನಲ್ಲಿ ಹೇಳಿದರು: "ಎಚ್ಚರ ಆದ್ರೆ ಹಗಲಲ್ಲೇ ಕತ್ತಲು, ಎದೆ ಮೇಲೆ ಭಾರ. ಆಮೇಲೆ ಬಾಗಿಲಲ್ಲಿ ಸಲಾಂ. ಸಾವಿನ ದೇವದೂತರು ಕರ್ಕೊಂಡು ಹೋಗೋಕೆ ಬಂದ್ರು ಅಂತ ಗೊತ್ತಾಯ್ತು, ಕೊನೇಗಳಿಗೆಯ ಕಲಿಮಾ ಶುರುಮಾಡಿದ್ದೆ. ಆದ್ರೂ ಮಗಳೇ, ಸಲಾಂಗೆ ಜವಾಬು ಕೊಡದೆ ಸಾಯೋಕಾಗುತ್ತಾ?"